ಮೂರು ಸಲ ಬಂದ ಕೂಸು

ತುರ್ವಿಹಾಳ
12 ಸೆಪ್ಟೆಂಬರ್ 2024

ಮಿತ್ರಾ,

ನಾಲ್ಕು ವರ್ಷದ ಮೇಲೆ ಬರೆಯುತ್ತಿದ್ದೇನೆ. ಚೆನ್ನಾಗಿದ್ದೀಯಾ ಎಂದು ಕೇಳುವ ಮುಖ ನನಗಿಲ್ಲ. ನನ್ನ ಮದುವೆಯ ದಿನ ನಿನ್ನನ್ನೂ ನಿಮ್ಮಪ್ಪನನ್ನೂ ಊಟಕ್ಕೆ ಬೇರೆ ಕಡೆ ಕೂಡಿಸಿದ್ದನ್ನು ನಾನು ನೋಡಿದೆ, ನೋಡಿ ಸುಮ್ಮನಿದ್ದೆ. ನೀವು ಉಣ್ಣದೆ ಎದ್ದು ಹೋದಿರಿ. ಬೈಯುವುದಿದ್ದರೆ ಬೈದುಕೊ, ಆದರೆ ಇದನ್ನು ಓದಿ ಮುಗಿಸಿ ಬೈದುಕೊ.

ನಮ್ಮ ಮನೆಗೆ ಒಂದು ಕೂಸು ಮತ್ತೆ ಮತ್ತೆ ಬರುತ್ತಿದೆ. ಮೊದಲ ಸಲ ಐದು ತಿಂಗಳು ನನ್ನ ಹೊಟ್ಟೆಯಲ್ಲಿದ್ದು ಹೋಯಿತು. ಎರಡನೆಯ ಸಲ ಏಳು ತಿಂಗಳು ಇತ್ತು, ಹುಟ್ಟುವಾಗ ಉಸಿರಿರಲಿಲ್ಲ. ಹೋದ ಫೆಬ್ರುವರಿಯಲ್ಲಿ ಎಂಟು ತಿಂಗಳು ತುಂಬಿ ಹುಟ್ಟಿತು, ಮೂರು ದಿನ ಬದುಕಿತು. ನಮ್ಮ ಅತ್ತೆ ಗದ್ದೆಮ್ಮ ಬೆರಳು ಮಡಚಿ ಎಣಿಸುತ್ತಾರೆ. "ಅದಕ್ಕ ಈ ಮನಿ ಸೇರೈತಿ. ಸಲಕ್ಕೊಂದೀಟು ಹೆಚ್ಚು ನಿಂತು ಹೊಂಟೈತಿ. ಈ ಸಲ ಪೂರಾ ನಿಲ್ತೈತಿ, ನೋಡು" ಎನ್ನುತ್ತಾರೆ.

ಹೌದು, ಈಗ ನನಗೆ ಮೂರನೆಯ ತಿಂಗಳು.

ಅತ್ತೆಯ ಮಾತಿಗೆ ನಗಬೇಡ. ಎರಡನೆಯ ಸಲ ಹೂಳಲು ಒಯ್ಯುವ ಮೊದಲು ಅವರು ದೀಪದ ಮಸಿಯನ್ನು ಬೆರಳಿಗೆ ಹಚ್ಚಿಕೊಂಡು ಕೂಸಿನ ಅಂಗಾಲಿಗೆ ಒತ್ತಿದ್ದರು. ತಿರುಗಿ ಬಂದರೆ ಗುರುತು ಸಿಗಲಿ ಎಂದು. ಅವರ ತಾಯಿಯೂ ಹಾಗೇ ಮಾಡುತ್ತಿದ್ದಳಂತೆ. ಮೂರನೆಯದು ಹುಟ್ಟಿದಾಗ ನಾನೇ ಕಾಲೆತ್ತಿ ನೋಡಿದೆ. ಎರಡೂ ಅಂಗಾಲಿನಲ್ಲಿ ತಾಮ್ರದ ಬಣ್ಣದ ಕಲೆ, ಗುಳ್ಳೆ, ಸುಲಿದ ಚರ್ಮ. ಅತ್ತೆ ಬೆರಳಿಟ್ಟು ನೋಡಿದರು, ಸರಿಯಾಗಿ ಹೊಂದಿತು. ಆಗ ನನ್ನ ಎದೆ ಝಲ್ಲೆಂದಿತು, ಅದರ ಜೊತೆಗೇ ಒಂದು ನಮೂನೆ ಸಮಾಧಾನವೂ ಆಯಿತು. ಹೋದದ್ದೇ ಬಂದಿದೆಯಲ್ಲ ಎಂದು.

ಆ ಮೂರು ದಿನವೂ ಅದರ ಮೂಗು ಕಟ್ಟಿತ್ತು. ಗೊರ್ ಗೊರ್ ಎಂದು ಉಸಿರಾಡುತ್ತಿತ್ತು. ಈಗ ಎಲ್ಲರೂ ಭತ್ತದ ಗದ್ದೆಗೆ ಕಳೆ ತೆಗೆಯಲು ಹೋದ ಮೇಲೆ, ನಡುಮಧ್ಯಾಹ್ನ, ಆ ಸಪ್ಪಳ ಅಡಿಗೆಮನೆಯ ಗೋಡೆಯ ಆಚೆಯಿಂದ ಕೇಳಿಸುತ್ತದೆ. ಎದ್ದು ಹೋಗಿ ನೋಡಿದರೆ ಬಿಸಿಲು ಬಿಟ್ಟು ಏನೂ ಇರುವುದಿಲ್ಲ.

ನೀನು ಲಿಂಗಸುಗೂರಿನ ಆಸ್ಪತ್ರೆಯಲ್ಲಿ ರೋಗಿಗಳಿಗೆ ತಿಳಿಹೇಳುವ ಕೆಲಸದಲ್ಲಿದ್ದೀಯಂತೆ. ಇಂಥದ್ದನ್ನು ಎಲ್ಲಾದರೂ ಕಂಡಿದ್ದೀಯಾ? ಫೋನು ಮಾಡಬೇಡ. ನನ್ನ ಫೋನು ಅತ್ತೆಯ ಸೊಂಟದ ಚೀಲದಲ್ಲಿರುತ್ತದೆ. ನಮ್ಮೂರ ಆಶಾ ಕಾರ್ಯಕರ್ತೆ ಮುಸರತ್ ಆಪಾ ಕೈಲಿ ಕಾಗದ ಕೊಟ್ಟರೆ ನನಗೆ ಮುಟ್ಟುತ್ತದೆ.

ನಿನ್ನ ಸಿಟ್ಟು ಇಳಿದಿರಲಿ ಎಂದು ಕಾಯುವ,
ದುರ್ಗಿ


ಲಿಂಗಸುಗೂರು
25 ಸೆಪ್ಟೆಂಬರ್ 2024

ದುರ್ಗಿ,

ಸಿಟ್ಟು ಇಳಿದಿಲ್ಲ. ಊಟದ ಲೆಕ್ಕ ಆಮೇಲೆ ನೋಡೋಣ, ಅದು ಹಳಸುವ ಸಿಟ್ಟಲ್ಲ.

ನಿನ್ನ ಕಾಗದವನ್ನು ಊಟದ ಹೊತ್ತಿನಲ್ಲಿ ಓದಲು ತೆಗೆದೆ. ಡಬ್ಬಿ ಹಾಗೇ ಉಳಿಯಿತು. ಹೈಸ್ಕೂಲಿನಲ್ಲಿ ನೀನು ಮಸ್ಕಿ ಗುಡ್ಡದ ಬಂಡೆಯ ಸಂದಿಯಲ್ಲಿ ದೆವ್ವ ತೋರಿಸುತ್ತೇನೆಂದು ನನ್ನಿಂದ ಪೇರಲ ಹಣ್ಣು ಕಿತ್ತುಕೊಳ್ಳುತ್ತಿದ್ದೆ. ಇದೂ ಅಂಥದ್ದೇ ಎಂದು ನಗಲು ಹೊರಟೆ. ಆದರೆ 'ಸಲಕ್ಕೊಂದೀಟು ಹೆಚ್ಚು' ಎಂಬ ನಿಮ್ಮ ಅತ್ತೆಯ ಮಾತು ನಮ್ಮ ತರಬೇತಿ ಪುಸ್ತಕದಲ್ಲಿ ಇನ್ನೊಂದು ರೀತಿಯಲ್ಲಿ ಬರೆದಿದೆ. ಪುಸ್ತಕ ತೆಗೆದು ಆ ಪುಟವನ್ನು ಎರಡು ಸಲ ಓದಿದೆ.

ಪರೀಕ್ಷೆಯಾಗದೆ ಏನನ್ನೂ ಹೇಳಬಾರದು. ಅದಕ್ಕೇ ಕೇಳುತ್ತೇನೆ, ನೆನಪು ಮಾಡಿಕೊಂಡು ಬರೆ. ಮೂರನೆಯದಕ್ಕೆ ಅಂಗೈಯಲ್ಲೂ ಹಾಗೇ ಚರ್ಮ ಸುಲಿದಿತ್ತೇ? ಹೊಟ್ಟೆ ಉಬ್ಬಿತ್ತೇ? ಆಗ ನಿನ್ನ ರಕ್ತ ತೆಗೆದಿದ್ದರೇ, ಎಲ್ಲಿ ತೆಗೆದರು? ನಿನ್ನ ತಾಯಿ ಕಾರ್ಡಿನ ಎಲ್ಲ ಹಾಳೆಗಳ ಫೋಟೋ ಮುಸರತ್ ಆಪಾ ಕೈಲಿ ಕಳಿಸು. ನಿನಗಾಗಲಿ ನಿನ್ನ ಗಂಡ ದುರುಗೇಶನಿಗಾಗಲಿ ಹಿಂದೆ ಯಾವಾಗಾದರೂ ಮೈಮೇಲೆ ಗಾಯ, ಗುಳ್ಳೆ ಬಂದು ತಾನಾಗಿ ಹೋಗಿತ್ತೇ? ಈ ಪ್ರಶ್ನೆ ಓದಿ ಮುಖ ಕೆಂಪಗೆ ಮಾಡಿಕೊಳ್ಳಬೇಡ, ದಿನಕ್ಕೆ ಇಪ್ಪತ್ತು ಜನರಿಗೆ ಕೇಳುತ್ತೇನೆ.

ತಡ ಮಾಡಬೇಡ. ಮೂರನೆಯ ತಿಂಗಳು ಒಳ್ಳೆಯ ಹೊತ್ತು.

ನಿನ್ನ ಹಳೆಯ ಬೆಂಚಿನವಳು,
ಸಂಘಮಿತ್ರಾ


ತುರ್ವಿಹಾಳ
9 ಅಕ್ಟೋಬರ್ 2024

ಮಿತ್ರಾ,

ಅಂಗೈಯಲ್ಲೂ ಇತ್ತು. ಹೊಟ್ಟೆಯೂ ಉಬ್ಬಿತ್ತು. ನಾನು ಬರೆಯದಿದ್ದದ್ದು ನಿನಗೆ ಹೇಗೆ ಗೊತ್ತಾಯಿತು? ಕಾಗದ ಕೈಯಲ್ಲಿ ಹಿಡಿದು ಸುತ್ತ ನೋಡಿದೆ. ನೀನು ಆ ಮೂರು ದಿನವೂ ನನ್ನ ಮಂಚದ ಹತ್ತಿರ ನಿಂತಿದ್ದೆಯೇನೋ ಅನ್ನಿಸಿತು.

ಗಾಯದ ಮಾತು. ಮದುವೆಯಾಗಿ ಹೊಸತರಲ್ಲಿ ಇವರಿಗೆ ಎದೆಯ ಮೇಲೆ, ಅಂಗೈಯಲ್ಲಿ ಕೆಂಪು ಕಲೆ ಎದ್ದಿದ್ದವು. ತುರಿಕೆ ಇರಲಿಲ್ಲ. ಭತ್ತ ಕೊಯ್ಯುವ ಮಷಿನ್ ಓಡಿಸುವವರು, ಸುಗ್ಗಿಗೊಂದು ಊರು ತಿರುಗುತ್ತಾರೆ, ಧೂಳಿಗೆ ಆಗಿರಬೇಕು ಅಂದುಕೊಂಡೆವು. ಅತ್ತೆ ಬೇವಿನ ಎಲೆ ಅರೆದು ಹಚ್ಚಿದರು. ತಿಂಗಳಲ್ಲಿ ಹೋದವು. ಇವತ್ತಿಗೂ ಅತ್ತೆ ಆ ಬೇವಿನ ಗುಣವನ್ನು ಓಣಿಗೆಲ್ಲ ಹೇಳುತ್ತಾರೆ. ಆಮೇಲೆ ನನಗೂ ಒಂದಿಷ್ಟು ಬಂದು ಹೋದವು.

ತಾಯಿ ಕಾರ್ಡಿನ ಕಥೆ ಕೇಳಿ ನೀನು ತಲೆ ಚಚ್ಚಿಕೊಳ್ಳುತ್ತೀ. ಕೂಸು ತಾಯಿಯ ಹೆಸರು ಹಿಡಿದು ಮನೆ ಹುಡುಕಿಕೊಂಡು ಬರುತ್ತದೆ, ಅದೇ ಹೆಸರಿದ್ದರೆ ಅದೇ ಆಯುಷ್ಯ ತರುತ್ತದೆ, ಹೆಸರು ಬದಲಾದರೆ ಹಳೆಯ ಆಯುಷ್ಯ ದಾರಿ ತಪ್ಪಿ ಹೊಸ ಆಯುಷ್ಯ ಬರುತ್ತದೆ ಎಂದು ಅತ್ತೆ ನಂಬಿದ್ದಾರೆ. ಅದಕ್ಕೆ ಮೂರನೆಯ ಸಲ ನನ್ನನ್ನು ನಾಗವೇಣಿ ಮಾಡಿದರು. ನಾಗವೇಣಿ ನನ್ನ ನಾದಿನಿ, ಸಾಲಗುಂದಕ್ಕೆ ಕೊಟ್ಟಿದ್ದಾರೆ. ಅವಳ ಆಧಾರ್ ಕಾರ್ಡು, ಅವಳ ಫೋನ್ ನಂಬರು ಹಿಡಿದು, ನಮ್ಮೂರು ಬಿಟ್ಟು ಮಸ್ಕಿಯಲ್ಲಿ ನಡೆದ ಬಸುರಿಯರ ಶಿಬಿರಕ್ಕೆ ಕರೆದುಕೊಂಡು ಹೋದರು. ಹೋದ ವರ್ಷ ಅಕ್ಟೋಬರ್ ಇರಬೇಕು. ಲಿಂಗಸುಗೂರಿನಿಂದ ಆಸ್ಪತ್ರೆಯ ಗಾಡಿ ಬಂದಿತ್ತು. ಒಳಗೆ ನೀನಿರಬಹುದು ಎಂದು ಇಣುಕಿ ನೋಡಿದೆ, ನೀನಿರಲಿಲ್ಲ. ರಕ್ತ ಕೊಟ್ಟು ಬಂದೆವು. ಆಮೇಲೆ ಯಾರೂ ಏನೂ ಹೇಳಲಿಲ್ಲ. ಆ ಗಾಡಿ ಯಾವ ಆಸ್ಪತ್ರೆಯದು, ನಿಮ್ಮದೇ ಏನು?

ಈ ಸಲ ಐದು ತಿಂಗಳಾಗುವ ತನಕ ಎಲ್ಲಿಯೂ ಹೆಸರೇ ಬರೆಸಬಾರದೆಂದು ಅತ್ತೆಯ ಕಟ್ಟಪ್ಪಣೆ. ಮುಸರತ್ ಆಪಾ ಬಂದು ಬಂದು ಬಾಗಿಲಿನಿಂದಲೇ ಹೋಗುತ್ತಾರೆ. ನಿನ್ನೆ ಮಧ್ಯಾಹ್ನ ಸಪ್ಪಳ ಗೋಡೆಯ ಈಚೆಗೆ ಬಂದಿತ್ತು.

ದುರ್ಗಿ


ಲಿಂಗಸುಗೂರು
2 ನವೆಂಬರ್ 2024

ದುರ್ಗಾದೇವಿಗೆ,

ಉತ್ತರ ತಡವಾಯಿತು. ಕೆಲಸವಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಅದರ ಬಗ್ಗೆ ಈಗ ಬೇಡ.

ಕೂಡಲೇ ನಿನ್ನ ಸ್ವಂತ ಹೆಸರಿನಲ್ಲಿ ರಕ್ತ ಪರೀಕ್ಷೆ ಮಾಡಿಸು. ಲಿಂಗಸುಗೂರಿಗೆ ಬರಬೇಡ, ಸಿಂಧನೂರು ನಿನಗೆ ಹತ್ತಿರ. ಮುಸರತ್ ಆಪಾಗೆ ಎಲ್ಲ ಹೇಳಿದ್ದೇನೆ. ನನ್ನ ಸಂಶಯ ಸಿಫಿಲಿಸ್ ಎಂಬ ರೋಗದ ಮೇಲೆ. ನಮ್ಮ ಅಜ್ಜಿಯರು ಪರಂಗಿ ರೋಗ ಅನ್ನುತ್ತಿದ್ದರು. ಗಂಡು ಹೆಣ್ಣು ಕೂಡುವುದರಿಂದ ಹರಡುವಂಥದ್ದು. ಅದರ ಕಾಲ ಮುಗಿಯಿತು ಎಂದು ದೊಡ್ಡ ಡಾಕ್ಟರುಗಳೇ ಅಂದುಕೊಂಡಿದ್ದರು. ಈಗ ಎಲ್ಲ ಕಡೆ ಮತ್ತೆ ತಲೆಯೆತ್ತಿದೆ. ಗಾಯವಾಗಿ ಬರುತ್ತದೆ, ಮಾಯುತ್ತದೆ. ಕಲೆಯಾಗಿ ಬರುತ್ತದೆ, ಅಳಿಸಿಹೋಗುತ್ತದೆ. ವಾಸಿಯಾಯಿತು ಎಂದು ಎಲ್ಲರೂ ಮರೆತ ಮೇಲೆ ಮೈಯೊಳಗೆ ಸದ್ದಿಲ್ಲದೆ ವರ್ಷಗಟ್ಟಲೆ ಕೂತಿರುತ್ತದೆ. ಬಸುರಿಯ ರಕ್ತದಿಂದ ಕೂಸಿಗೆ ದಾಟುತ್ತದೆ. ಕಾಲ ಕಳೆದಂತೆ ಅದರ ಕಸುವು ಕುಗ್ಗುವುದರಿಂದ ಒಂದೊಂದು ಬಸಿರು ಹಿಂದಿನದಕ್ಕಿಂತ ಸ್ವಲ್ಪ ಹೆಚ್ಚು ದಿನ ನಿಲ್ಲುವುದುಂಟು. ಅಂಗೈ ಅಂಗಾಲು ಸುಲಿಯುವುದು, ಮೂಗು ಕಟ್ಟುವುದು, ಎಲ್ಲವೂ ಅದರದ್ದೇ.

ಪರೀಕ್ಷೆಯಲ್ಲಿ ಬಂದರೆ ಪೆನಿಸಿಲಿನ್ ಸೂಜಿ, ವಾರಕ್ಕೊಂದು ಸಲದಂತೆ ಮೂರು ವಾರ. ಹಳೆಯ ಔಷಧಿ, ಸೋವಿ ಔಷಧಿ, ಕೂಸಿಗೂ ಮುಟ್ಟುತ್ತದೆ. ದುರುಗೇಶನಿಗೂ ಪರೀಕ್ಷೆಯಾಗಬೇಕು, ಸೂಜಿ ಆಗಬೇಕು. ಯಾರಿಂದ ಯಾರಿಗೆ ಎಂಬ ಪಂಚಾಯ್ತಿ ಈಗ ಹೂಡಬೇಡ.

ಸಂಘಮಿತ್ರಾ


ತುರ್ವಿಹಾಳ
26 ನವೆಂಬರ್ 2024

ಮಿತ್ರಾ,

ಹೋದ ಕಾಗದ ನೀನು ಬರೆದದ್ದೋ ನಿಮ್ಮ ಕಚೇರಿ ಬರೆದದ್ದೋ? ದುರ್ಗಾದೇವಿಗೆ ಅಂತೆ. ಇರಲಿ.

ಅತ್ತೆ ಗದ್ದೆಗೆ ಹೋದಾಗ ಮುಸರತ್ ಆಪಾ ಜೊತೆ ಹೋಗಿ ನನ್ನ ಹೆಸರಿನಲ್ಲೇ ರಕ್ತ ಕೊಟ್ಟೆ. ನೀನು ಹೇಳಿದ್ದೇ ಬಂತು. ನನಗೂ ಇದೆ, ಇವರಿಗೂ ಇದೆ. ಇವರಿಗೆ ಕಾಲುವೆಯ ದಂಡೆಯ ಮೇಲೆ ಕೂಡಿಸಿಕೊಂಡು ಹೇಳಿದೆ. ಮದುವೆಗೆ ಮೊದಲು ಯಾವ ಊರಿನ ಸುಗ್ಗಿಯಲ್ಲಿ ಏನು ನಡೆಯಿತೆಂದು ನಾನು ಕೇಳಲಿಲ್ಲ. ಕೇಳುತ್ತೇನೆಂದು ಕಾದು ಕಾದು ಕಡೆಗೆ ಅವರೇ, "ಹಂಗಾದ್ರ ಅದನ್ನ ನಾನ ಕೊಂದಂಗ ಆತಲ್ಲ" ಅಂದರು. ಮರುದಿನ ಮಷಿನ್ ನಿಲ್ಲಿಸಿ ನನ್ನ ಜೊತೆ ಸಿಂಧನೂರಿಗೆ ಬಂದರು. ಶನಿವಾರ ಇಬ್ಬರಿಗೂ ಮೊದಲ ಸೂಜಿಯಾಯಿತು. ಅತ್ತೆಗೆ ರಕ್ತ ಹೆಚ್ಚಾಗುವ ಸೂಜಿ ಎಂದು ಹೇಳಿದೆವು.

ಮಿತ್ರಾ, ಅವತ್ತು ಸಂಜೆಯಿಂದಲೇ ನನಗೆ ಚಳಿಜ್ವರ. ಹಲ್ಲು ಕಟಕಟ ಕಡಿಯುತ್ತಿದ್ದವು. ಆಗಷ್ಟೇ ಮಿಸುಕಾಡಲು ಕಲಿತಿದ್ದ ಕೂಸು ಭಾನುವಾರ ಮಧ್ಯಾಹ್ನದ ತನಕ ಒಮ್ಮೆಯೂ ಮಿಸುಕಲಿಲ್ಲ. ನಾನು ಹೊಟ್ಟೆ ಹಿಡಿದು ಮಲಗಿದ್ದೆ. ಗೊರ್ ಗೊರ್ ಸಪ್ಪಳ ಕೇಳಿಸಲಿಲ್ಲ. ತಿಂಗಳುಗಟ್ಟಲೆ ದಿನವೂ ಕೇಳಿಸುತ್ತಿದ್ದದ್ದು ಅವತ್ತು ನಿಂತುಹೋಗಿತ್ತು. ಅತ್ತೆ ಬಾಗಿಲಲ್ಲಿ ಕೂತು ಬಾಯೊಳಗೆ ಏನೋ ಅನ್ನುತ್ತಿದ್ದವರು ನನ್ನ ಕಡೆ ತಿರುಗಿ, "ಸೂಜಿಗೆ ಅಂಜಿ ಹೊರಗ ಹೋಗಿ ನಿಂತೈತಿ. ಇನ್ನೊಂದು ಚುಚ್ಚಿಸಿದಿ ಅಂದ್ರ ದಾರಿ ಹಿಡಿದು ಹೋಕ್ಕೈತಿ" ಅಂದರು. ಅವರಿಗೆ ಸೂಜಿಯ ಸತ್ಯ ಯಾರೂ ಹೇಳಿಲ್ಲ. ಕೂಸು ಸೂಜಿಗೇ ಅಂಜಿತು ಎಂದು ಅವರಿಗೆ ಹೇಗೆ ತಿಳಿಯಿತು?

ಬಿಸಿಲು ಇಳಿದ ಮೇಲೆ ಕೂಸು ಮಿಸುಕಿತು. ಆದರೆ ನನ್ನ ಜೀವ ಬಾಯಿಗೆ ಬಂದಿದೆ. ಎರಡನೆಯ ಸೂಜಿ ಈ ಶನಿವಾರ. ನಾನು ಹೋಗುವುದಿಲ್ಲ ಅಂದುಕೊಂಡಿದ್ದೇನೆ. ಮೂರು ಸಲ ಕಷ್ಟಪಟ್ಟು ಬಂದ ಕೂಸನ್ನು ಚುಚ್ಚಿ ಓಡಿಸಿದರೆ ಅದು ಮತ್ತೆ ಬರುತ್ತದೆಯೇ? ಈಗ ನನ್ನ ಹೊಟ್ಟೆಯಲ್ಲಿರುವುದು ಅದೇ ಹೌದೋ ಅಲ್ಲವೋ? ಪುಸ್ತಕದ ಮಾತು ಬೇಡ, ನಿಜ ಹೇಳು.

ದುರ್ಗಿ


ಲಿಂಗಸುಗೂರು
28 ನವೆಂಬರ್ 2024

ದುರ್ಗಿ,

ಮುಸರತ್ ಆಪಾ ಎದುರಿಗೆ ಕೂತಿದ್ದಾರೆ. ಅವರ ಬಸ್ಸಿಗೆ ಮುಕ್ಕಾಲು ಗಂಟೆ ಇದೆ. ಅಷ್ಟರಲ್ಲಿ ಬರೆಯುತ್ತೇನೆ, ಅಕ್ಷರ ನೋಡಬೇಡ.

ಮೊದಲ ಸೂಜಿಗೆ ಒಳಗಿನ ರೋಗಾಣು ಒಮ್ಮೆಲೇ ಸಾಯುವುದರಿಂದ ಕೆಲವರಿಗೆ ಒಂದು ದಿನ ಚಳಿಜ್ವರ ಬರುತ್ತದೆ, ಕೂಸೂ ಮಂಕಾಗುತ್ತದೆ. ಅಂಥ ಹೊತ್ತಿನಲ್ಲಿ ಮನೆಯಲ್ಲಿ ಮಲಗದೆ ಆಸ್ಪತ್ರೆಗೆ ಹೋಗಬೇಕು. ಇದನ್ನು ಮೊದಲೇ ನಿನಗೆ ಬರೆಯಬೇಕಿತ್ತು. ಬರೆಯದಿದ್ದದ್ದು ನನ್ನ ತಪ್ಪು. ಅದು ಸಣ್ಣ ತಪ್ಪು. ದೊಡ್ಡದು ಬೇರೆ ಇದೆ.

ಈಗ ನಿನ್ನ ಪ್ರಶ್ನೆಗೆ ಉತ್ತರ. ಅದು ಇದಲ್ಲ. ಎರಡನೆಯದು ಮೊದಲನೆಯದಲ್ಲ, ಮೂರನೆಯದು ಎರಡನೆಯದಲ್ಲ. ಯಾವ ಕೂಸೂ ತಿರುಗಿ ಬರಲಿಲ್ಲ ದುರ್ಗಿ. ತಿರುಗಿ ತಿರುಗಿ ಬಂದದ್ದು ಆ ರೋಗ. ನಿಮ್ಮ ಅತ್ತೆ ಅಂಗಾಲಿನಲ್ಲಿ ಗುರುತು ಹಿಡಿದದ್ದು ಅದನ್ನೇ.

ಮೂರನೆಯ ಕೂಸು ಬದುಕಬಹುದಿತ್ತು. ನೀನು ಕೇಳಿದ್ದ ಮಸ್ಕಿ ಶಿಬಿರದ ಆ ಗಾಡಿ ನಮ್ಮದೇ. ಹೋದ ವರ್ಷ ನವೆಂಬರಿನಲ್ಲಿ ನನ್ನ ಮೇಜಿನ ಮೇಲೆ ಒಂದು ಚೀಟಿ ಬಂತು. ನಾಗವೇಣಿ, ಸಾಲಗುಂದ, ನಾಲ್ಕು ತಿಂಗಳ ಬಸುರಿ, ಸಿಫಿಲಿಸ್ ಇದೆ ಎಂದು. ಫೋನು ಮಾಡಿ ಕರೆಸಿದೆ. ನಾಗವೇಣಿ ಬಂದಳು. ಬಸುರಿಯ ಹಾಗೆ ಕಾಣಲಿಲ್ಲ. ಕೇಳಿದರೆ, "ನಿಂತಿತ್ತು, ಹೋತ್ರೀ ಮೇಡಂ" ಅಂದಳು. ಮತ್ತೆ ರಕ್ತ ತೆಗೆಸಿದೆವು, ಏನೂ ಬರಲಿಲ್ಲ. ಬಸಿರಿನಲ್ಲಿ ಒಮ್ಮೊಮ್ಮೆ ಈ ಪರೀಕ್ಷೆ ತಪ್ಪು ತೋರಿಸುತ್ತದೆ. ಹಾಗಾಗಿ 'ಮೊದಲ ವರದಿ ತಪ್ಪು' ಎಂದು ನನ್ನ ಕೈಯಾರೆ ಬರೆದು ಮುಗಿಸಿದೆ.

ಆ ಹೆಂಗಸು ರೋಗದ ಹೆಸರಿಗೆ ಹೆದರಲಿಲ್ಲ. ತನ್ನ ಹೆಸರು ಕೇಳಿದಾಗ ಹೆದರಿದಳು. ನಾನದನ್ನು ಕಂಡೆ. ಒಂದು ಮಾತು ಹೆಚ್ಚು ಕೇಳಿದ್ದರೆ ಸಾಕಿತ್ತು. ಹೊರಗೆ ಸಾಲಿತ್ತು, ಊಟದ ಹೊತ್ತಾಗಿತ್ತು, ಕೇಳಲಿಲ್ಲ. ಆಗ ನಿನಗೆ ಐದನೆಯ ತಿಂಗಳು. ಮೂರು ವಾರದಲ್ಲಿ ಮುಗಿಯುವ ಕೆಲಸ. ನಿನ್ನ ಅಕ್ಟೋಬರಿನ ಕಾಗದ ಓದಿದ ದಿನವೇ ದಫ್ತರ್ ತೆಗೆದು ನನ್ನ ಅಕ್ಷರ ನೋಡಿದೆ. ಅದಕ್ಕೇ ಇಪ್ಪತ್ತು ದಿನ ನಿನಗೆ ಬರೆಯಲಾಗಲಿಲ್ಲ, ಬರೆದಾಗಲೂ ಬಚ್ಚಿಟ್ಟೆ.

ನಾನು ಹೆಣಗಿ ಮುಚ್ಚಿಟ್ಟದ್ದನ್ನು ಇವತ್ತು ಹೇಳುತ್ತಿರುವುದು ನಿನ್ನ ಕ್ಷಮೆ ಬೇಡಲು ಅಲ್ಲ. ಈಗ ಒಳಗಿರುವುದು ನಾಲ್ಕನೆಯ ಕೂಸು. ಅದಕ್ಕೆ ಇದೊಂದೇ ಸಲ. ನನ್ನ ಮೇಲಿನ ಸಿಟ್ಟಿಗಾದರೂ ಶನಿವಾರ ಸಿಂಧನೂರಿಗೆ ಹೋಗು.

ಸಂಘಮಿತ್ರಾ


ಲಿಂಗಸುಗೂರು
20 ಜನವರಿ 2025

ದುರ್ಗಿ,

ನೀನು ಉತ್ತರ ಬರೆದಿಲ್ಲ, ಬರೆಯಬೇಕೆಂದೂ ಇಲ್ಲ. ನಿಮ್ಮಿಬ್ಬರಿಗೂ ಮೂರು ಸೂಜಿಗಳು ಮುಗಿದವೆಂದು ಮುಸರತ್ ಆಪಾ ಹೇಳಿದರು. ಅದಕ್ಕಿಂತ ಹೆಚ್ಚು ಹೇಳಲು ಅವರು ಒಪ್ಪಲಿಲ್ಲ.

ನಾಗವೇಣಿಯ ಹಾಳೆಯಲ್ಲಿ ನಡೆದದ್ದನ್ನೆಲ್ಲ ಡಾಕ್ಟರಿಗೆ ಬರೆದುಕೊಟ್ಟಿದ್ದೇನೆ. ನನ್ನ ಕೆಲಸ ಸದ್ಯಕ್ಕೆ ಉಳಿದಿದೆ. ಈಗ ಯಾರು ಬಂದರೂ ಹೆಸರು ಎರಡು ಸಲ ಕೇಳುತ್ತೇನೆ. ಈ ತಿಂಗಳು ಇನ್ನಿಬ್ಬರು ಬಸುರಿಯರಲ್ಲಿ ಇದೇ ಬಂದಿದೆ. ಒಬ್ಬಳು ಗೊರೇಬಾಳದ ಕಡೆಯವಳು, ಬಳೆ ತೊಟ್ಟ ಕೈ ಮುಂದೆ ಚಾಚಿದಾಗ ಅಂಗೈ ತುಂಬ ತಾಮ್ರದ ಕಲೆ. ಇಬ್ಬರಿಗೂ ಸೂಜಿ ಶುರುವಾಗಿದೆ.

ಇನ್ನೊಂದು ಮಾತು. ನಿನಗಲ್ಲದೆ ಯಾರಿಗೂ ಹೇಳುವಂತಿಲ್ಲ, ನನಗೇ ತಿಳಿಹೇಳುವವರನ್ನು ಹುಡುಕುತ್ತಾರೆ. ಮೊನ್ನೆ ಎಲ್ಲರೂ ಊಟಕ್ಕೆ ಹೋಗಿದ್ದರು. ನನ್ನ ಕೋಣೆಯ ಬೆಂಚು ಖಾಲಿಯಿತ್ತು. ದಫ್ತರ್ ತೆಗೆದಾಗ ಹಿಂದಿನಿಂದ ಮೂಗು ಕಟ್ಟಿದ ಉಸಿರು ಕೇಳಿಸಿತು. ನಾನು ತಿರುಗಿ ನೋಡಲಿಲ್ಲ. ಅದು ನಿಲ್ಲುವ ತನಕ ಕೂತಿದ್ದೆ.

ಮಿತ್ರಾ


ತುರ್ವಿಹಾಳ
24 ಏಪ್ರಿಲ್ 2025

ಮಿತ್ರಾ,

ಹೋದ ಸೋಮವಾರ ಸಿಂಧನೂರಿನಲ್ಲಿ ಹೆರಿಗೆಯಾಯಿತು. ಹೆಣ್ಣು. ದಿನ ತುಂಬಿ ಹುಟ್ಟಿದೆ, ಎರಡು ಕೆಜಿ ಏಳುನೂರು ಗ್ರಾಂ. ಅತ್ತಿತು, ಹಾಲು ಕುಡಿಯಿತು. ರಕ್ತ ತೆಗೆದು ನೋಡಿದ್ದಾರೆ. ಡಾಕ್ಟರಮ್ಮ ಸದ್ಯಕ್ಕೆ ಚಿಂತೆಯಿಲ್ಲ, ಮೂರು ತಿಂಗಳಿಗೆ, ಆರು ತಿಂಗಳಿಗೆ ಮತ್ತೆ ತಂದು ತೋರಿಸು ಅಂದಿದ್ದಾರೆ. ಆಸ್ಪತ್ರೆಯಲ್ಲಿ ನನ್ನ ಹೆಸರು ಕೇಳಿದಾಗ ಗಟ್ಟಿಯಾಗಿ ಹೇಳಿದೆ. ಇವರು ಕೂಸನ್ನು ಎತ್ತಿಕೊಳ್ಳಲು ಇನ್ನೂ ಅಂಜುತ್ತಾರೆ. ದಿನಕ್ಕೆ ಹತ್ತು ಸಲ ಬಂದು ಉಸಿರು ನೋಡಿ ಹೋಗುತ್ತಾರೆ.

ಅತ್ತೆ ಕಿಟಕಿಯ ಬೆಳಕಿಗೆ ಹಿಡಿದು ಅಂಗಾಲು ನೋಡಿದರು, ಅಂಗೈ ಬಿಡಿಸಿ ನೋಡಿದರು. ಎಲ್ಲಾ ನುಣ್ಣಗಿತ್ತು. ಸುಮ್ಮನೆ ನನ್ನ ಮಗ್ಗುಲಿಗೆ ಮಲಗಿಸಿ, "ಇದು ಅದಲ್ಲ" ಅಂದರು. ಅಷ್ಟೇ ಹೇಳಿ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದರು. ಮನೆಗೆ ಬಂದ ಮೇಲೂ ಮುಟ್ಟಿಲ್ಲ. ಮಧ್ಯಾಹ್ನ ಹೊಸ್ತಿಲ ಹೊರಗೆ ಹಾಲು ಅನ್ನ ಕಲಸಿಟ್ಟು ಕಾಲುವೆಯ ದಾರಿ ನೋಡುತ್ತಾ ಕೂಡುತ್ತಾರೆ. ಇಷ್ಟು ವರ್ಷ ಹಾದಿ ಕಾಯ್ದ ಮುದುಕಿಗೆ ಎದ್ದು ಒಳಗೆ ಬಾ ಎನ್ನಲು ನನಗೆ ಬಾಯಿ ಬರುವುದಿಲ್ಲ. ಸಂಜೆ ತಟ್ಟೆ ಬರಿದಾಗಿರುತ್ತದೆ. ನಾಯಿ ತಿಂದಿರುತ್ತದೆ ಎಂದು ಇವರು ಹೇಳುತ್ತಾರೆ. ನಾನು ಹೋಗಿ ನೋಡಿಲ್ಲ.

ಈಗ ನಿನ್ನ ನವೆಂಬರಿನ ಕಾಗದದ ಮಾತು. ದನದ ಕೊಟ್ಟಿಗೆಯಲ್ಲಿ ನಿಂತು ಓದಿದೆ. ಮೊದಲು ನಾಗವೇಣಿಯ ಮೇಲೆ, ಆಮೇಲೆ ಅತ್ತೆಯ ಮೇಲೆ, ನಿನ್ನ ಮೇಲೆ, ಬಾಯಿ ಮುಚ್ಚಿಕೊಂಡು ಬೇರೆಯವಳ ಹೆಸರು ಹೊತ್ತು ಹೋದ ನನ್ನ ಮೇಲೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಶನಿವಾರ ಸಿಂಧನೂರಿಗೆ ಹೋದೆ. ನೀನು ಬರೆದದ್ದು ಫಲಿಸಿತು. ಆದರೆ ಐದು ತಿಂಗಳು ನಿನಗೆ ಬರೆಯದೆ ಇದ್ದದ್ದು ಸಿಟ್ಟಿಗಲ್ಲ.

ಅದೇ ಕೂಸು ಮತ್ತೆ ಬರುತ್ತಿದೆ ಅಂದುಕೊಂಡಷ್ಟು ದಿನ ನನ್ನ ಕೂಸು ಒಂದೇ ಆಗಿತ್ತು. ಅದು ಹೋಗುತ್ತಿತ್ತು, ಬರುತ್ತಿತ್ತು. ಹೂಳಿ ಬಂದ ದಿನವೂ ನಾನು ಪೂರಾ ಅಳಲಿಲ್ಲ, ಹೇಗೂ ಬರುತ್ತದಲ್ಲ ಎಂದು ಅಳುವನ್ನು ಅರ್ಧಕ್ಕೆ ನಿಲ್ಲಿಸಿದೆ. ನೀನು ಮೂರು ಎಂದು ಬರೆದೆ. ಮೂರು ಬೇರೆ ಬೇರೆ ಕೂಸುಗಳು, ಯಾವುದೂ ಬರುವುದಿಲ್ಲ. ಒಂದು ಸಾಲಿನಲ್ಲಿ ನನಗೆ ಮೂರು ಮಕ್ಕಳನ್ನು ಕೊಟ್ಟು ಮೂರನ್ನೂ ಕಿತ್ತುಕೊಂಡೆ. ನಿಜ ಹೇಳು ಎಂದು ಕೇಳಿದವಳು ನಾನೇ, ನಿನ್ನನ್ನು ಏನೆಂದು ದೂರಲಿ?

ಒಂದೊಂದನ್ನೇ ಬೇರೆ ಮಾಡಿ ನೆನೆಯಲು ಕಲಿಯುತ್ತಿದ್ದೇನೆ. ಮೊದಲನೆಯದಕ್ಕೆ ಚಳಿಗಾಲದಲ್ಲಿ ಅತ್ತು ಮುಗಿಸಿದೆ. ಎರಡನೆಯದಕ್ಕೆ ಹೆರಿಗೆಯ ಹಿಂದಿನ ವಾರದ ತನಕ ಅಳುತ್ತಿದ್ದೆ. ಮೂರನೆಯದು ಮೂರು ದಿನ ನನ್ನ ಮುಖ ನೋಡಿತ್ತು, ಬೆರಳು ಹಿಡಿದಿತ್ತು. ಅದಕ್ಕೆ ನನ್ನೊಬ್ಬಳಿಂದ ಆಗುತ್ತಿಲ್ಲ ಮಿತ್ರಾ, ಅದು ನಿನ್ನ ಪಾಲಿಗೂ ಸೇರಿದ್ದು. ಬಂದು ನನ್ನ ಹತ್ತಿರ ಕೂತು ಅಳು. ಭಾನುವಾರ ನಿನಗೆ ರಜೆ ಇರುತ್ತದೆ, ಬೆಳಿಗ್ಗೆಯ ಬಸ್ಸಿಗೇ ಬಾ.

ದುರ್ಗಿ